ಸೊನ್ನೆಯನ್ನೂ ಬರೆದಿಡುತ್ತಿದ್ದಳು

ಮೈಸೂರಿನ ಸರಸ್ವತಿಪುರದ ಅವಳ ಮನೆಯಲ್ಲಿ ಫ್ರಿಜ್ಜಿನ ಪಕ್ಕದ ಗೋಡೆಗೆ ಒಂಟಿಕೊಪ್ಪಲ್ ಕ್ಯಾಲೆಂಡರ್ ತೂಗುತ್ತಿರುತ್ತದೆ. ಹಾಲಿನವರ ಲೆಕ್ಕ, ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ಮಗನ ಪರೀಕ್ಷೆ, ಎಲ್ಲ ಅದರ ಚೌಕಗಳಲ್ಲೇ. ವರ್ಷ ಮುಗಿದ ಮೇಲೆ ಹಳೆಯದು ಪುಸ್ತಕಕ್ಕೆ ಬೈಂಡಾಗಿ ಹೋಗುತ್ತದೆ. ಆದರೆ 2019ರದನ್ನು ಅವಳು ಹರಿದಿಲ್ಲ. ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಬೀರುವಿನ ಮೇಲಿಟ್ಟಿದ್ದಾಳೆ. ಜೂನ್ ತಿಂಗಳ ಹಾಳೆ ಬಿಡಿಸಿದರೆ 10ನೇ ತಾರೀಕಿನ ಚೌಕದಲ್ಲಿ ಕೆಂಪು ಶಾಯಿಯ ಒಂದು ಸುತ್ತು. ಅದರ ಮುಂದೆ ನೀಲಿ ಶಾಯಿಯಲ್ಲಿ 0, 0, 0, ಆಮೇಲೆ ಅರ್ಧ, 1, 1, ಮತ್ತೆ 0, 3. ಕೆಂಪು ಸುತ್ತು ಎಂದರೆ ಕ್ಯಾನ್ಸರಿಗೆ ಕೊಡುವ ಕಿಮೋ. ನೀಲಿ ಅಂಕಿ ಎಂದರೆ ಆ ದಿನ ಸೈಕಲ್ ತುಳಿದ ಕಿಲೋಮೀಟರ್.

ಅವಳು ನನ್ನ ಹೈಸ್ಕೂಲ್ ಗೆಳತಿ. ಹೆಸರು ಹಾಕಬೇಡ ಅಂದಿದ್ದಾಳೆ, ಹಾಕುತ್ತಿಲ್ಲ.

ಆಸ್ಪತ್ರೆಯವರ ಮಾತಿನಲ್ಲಿ ಕಿಮೋಗೂ ಸೈಕಲ್ ಲೆಕ್ಕವೇ. ಹದಿನಾಲ್ಕು ದಿನಕ್ಕೊಂದು ಡ್ರಿಪ್, ಎರಡು ಡ್ರಿಪ್ ಸೇರಿದರೆ ಒಂದು ಸೈಕಲ್. ಅವಳಿಗೆ ಅಂಥವು ಆರು. ಹುಣಸೂರಿನಿಂದ ಅವಳ ಚಿಕ್ಕಮ್ಮ ಫೋನ್ ಮಾಡಿ "ಎಷ್ಟು ಸೈಕಲ್ ಆಯ್ತಮ್ಮ?" ಎಂದರೆ ಇವಳು "ನಿನ್ನೆ ನಾಲ್ಕು ಕಿಲೋಮೀಟರ್ ಚಿಕ್ಕಮ್ಮ" ಎನ್ನುತ್ತಿದ್ದಳು. ಆ ಕಡೆ ಗಲಿಬಿಲಿ, ಈ ಕಡೆ ನಗು. ಆ ಆರು ತಿಂಗಳು ಆ ಮನೆಗೆ ನಗು ಬಂದದ್ದು ಇಂಥ ಸಣ್ಣ ಸಂದಿಗಳಿಂದಲೇ.

ಶುರುವಾದದ್ದು ಜನವರಿಯಲ್ಲಿ. ಕುತ್ತಿಗೆಯ ಎಡಗಡೆ ಗೋಲಿಯಷ್ಟು ಗಂಟು. ನೋವಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ರಾತ್ರಿ ನೈಟಿ ಹಿಂಡುವಷ್ಟು ಬೆವರು. ಮೊದಲು ತೋರಿಸಿದ ಕಡೆ ಸೂಜಿ ಚುಚ್ಚಿ ನೋಡಿ, ಟಿ.ಬಿ. ಇರಬಹುದು ಎಂದು ಮಾತ್ರೆ ಶುರು ಮಾಡಿದರು. ನಮ್ಮಲ್ಲಿ ಕುತ್ತಿಗೆ ಗಂಟು ಎಂದ ತಕ್ಷಣ ಟಿ.ಬಿ. ನೆನಪಾಗುವುದು ತಪ್ಪೇನಲ್ಲ. ಆದರೆ ಎರಡು ತಿಂಗಳು ಮಾತ್ರೆ ನುಂಗಿದ ಮೇಲೂ ಆ ಗಂಟು ನೆಲ್ಲಿಕಾಯಿ ಗಾತ್ರಕ್ಕೆ ಬೆಳೆಯಿತಲ್ಲ, ಆಗಲಾದರೂ ಯಾರಾದರೂ ನಿಂತು ಯೋಚಿಸಬೇಕಿತ್ತು. ಆ ಎರಡು ತಿಂಗಳ ಬಗ್ಗೆ ನನಗೆ ಇವತ್ತಿಗೂ ಸಂಕಟವಿದೆ. ಎರಡನೇ ಡಾಕ್ಟರು, "ಸೂಜಿ ಪರೀಕ್ಷೆ ಸಾಲದು, ಗಂಟನ್ನೇ ಇಡಿಯಾಗಿ ತೆಗೆದು ಬಯಾಪ್ಸಿಗೆ ಕಳಿಸಬೇಕು" ಎಂದರು. ಓದುವವರ ಮನೆಯಲ್ಲಿ ಯಾರಿಗಾದರೂ ಇಂಥ ಗಂಟು ಔಷಧಿಗೆ ಕರಗದೆ ಕೂತಿದ್ದರೆ ದಯವಿಟ್ಟು ಈ ಒಂದು ಮಾತನ್ನು ಕೇಳಿ ನೋಡಿ.

ವರದಿ ಬಂತು: ಹಾಡ್ಜ್‌ಕಿನ್ ಲಿಂಫೋಮಾ, ಅಂದರೆ ದುಗ್ಧರಸ ಗ್ರಂಥಿಗಳ ಒಂದು ಬಗೆಯ ಕ್ಯಾನ್ಸರ್, ಮೂರನೇ ಹಂತ. ಕುತ್ತಿಗೆಯಲ್ಲಿ, ಎದೆಯಲ್ಲಿ, ಹೊಟ್ಟೆಯಲ್ಲಿ ಗಂಟುಗಳು. ಸೂಕ್ಷ್ಮದರ್ಶಕದ ಕೆಳಗೆ ಗೂಬೆಯ ಎರಡು ಕಣ್ಣುಗಳ ಹಾಗೆ ಕಾಣುವ ದೊಡ್ಡ ಜೀವಕೋಶಗಳು ಈ ಕಾಯಿಲೆಯ ಗುರುತಂತೆ. ಕ್ಯಾನ್ಸರ್ ಡಾಕ್ಟರು ಮೊದಲ ಭೇಟಿಯಲ್ಲೇ, "ಇದು ವಾಸಿ ಮಾಡೋಕೆ ಅಂತಲೇ ನಾವು ಚಿಕಿತ್ಸೆ ಕೊಡೋ ಕ್ಯಾನ್ಸರು ಮೇಡಂ" ಎಂದರು. ನಾನು ಅಳುತ್ತಿದ್ದೆ. ಅವಳು ಕೇಳಿದ ಮೊದಲ ಪ್ರಶ್ನೆ, "ನಾನು ಸೈಕಲ್ ಹೊಡೀಬಹುದಾ ಸಾರ್?"

ಆರೇಳು ವರ್ಷದಿಂದ ಅವಳಿಗೆ ಸೈಕಲ್ಲೇ ಬೆಳಗು. ಐದೂವರೆಗೆ ಎದ್ದು ವರುಣಾ ಕೆರೆಯ ತನಕವೋ ಶ್ರೀರಂಗಪಟ್ಟಣದ ತನಕವೋ ಹೋಗಿ ಬಂದು ಮಗನಿಗೆ ಡಬ್ಬಿ ಕಟ್ಟುವವಳು. ಡಾಕ್ಟರು ಬೇಡ ಎನ್ನುತ್ತಾರೆ ಎಂದೇ ನಾನು ಕಾದಿದ್ದೆ. ಅವರು, "ಹಿಂದೆ ನಾವು ಮಲಗಿ ರೆಸ್ಟ್ ತಗೊಳ್ಳಿ ಅಂತಿದ್ವಿ. ಈಗ ಹಾಗೆ ಹೇಳಲ್ಲ" ಎಂದು ಕಾಗದ ತೆಗೆದುಕೊಂಡು ಷರತ್ತು ಬರೆದುಕೊಟ್ಟರು. ಹೊರಡುವ ಮೊದಲು ಜ್ವರ ನೋಡಬೇಕು. 100.4 ಡಿಗ್ರಿ ತೋರಿಸಿದರೆ ಸೈಕಲ್ ಅಲ್ಲ, ಸೀದಾ ಆಸ್ಪತ್ರೆಗೆ, ರಾತ್ರಿ ಎರಡು ಗಂಟೆಯಾದರೂ. ಮಾತಾಡುತ್ತ ತುಳಿಯುವಷ್ಟೇ ವೇಗ, ಮಾತು ಕಡಿದರೆ ಇಳಿಯಬೇಕು. ಹೆಲ್ಮೆಟ್ ಕಡ್ಡಾಯ, ಟ್ರಾಫಿಕ್ ಬೇಡ, ಬಿಸಿಲು ಬೇಡ. ಕೊನೆಯದು: ಒಬ್ಬರೇ ಹೋಗಕೂಡದು.

ಅವಳ ಯಜಮಾನರಿಗೆ ದಿನಾ ಬೆಳಗಿನ ರೈಲಿಗೆ ಬೆಂಗಳೂರು. ಮಗನಿಗೆ ಟ್ಯೂಷನ್. ಆಸ್ಪತ್ರೆಯ ಮೆಟ್ಟಿಲಿಳಿಯುತ್ತ ಅವಳು ನನ್ನ ಮುಖ ನೋಡಿದಳು. "ಬರ್ತೀಯೇನೇ?"

ಪಿಯುಸಿ ಆದ ಮೇಲೆ ನಾನು ಸೈಕಲ್ ಮುಟ್ಟಿರಲಿಲ್ಲ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿತ್ತು. ನಮ್ಮಮ್ಮ ಹೋದದ್ದೂ ಕ್ಯಾನ್ಸರಿನಲ್ಲೇ. ಕಿಟಕಿ ಮುಚ್ಚಿದ ರೂಮು, ಪಿಸುಮಾತು, ಬಾಗಿಲ ಹತ್ತಿರವೇ ನಿಂತು ವಾಪಸ್ಸಾಗುತ್ತಿದ್ದ ನಾನು. ಒಳಗೆ ಹೋಗಿ ಕಾಲು ಒತ್ತಲಿಲ್ಲವಲ್ಲ ಎನ್ನುವುದು ಹದಿನೈದು ವರ್ಷದಿಂದ ಎದೆಯಲ್ಲಿ ಕೂತಿತ್ತು. ಬರ್ತೀನಿ ಅಂದೆ. ಮಾರನೇ ದಿನವೇ ಟ್ರಿಣ್ ಟ್ರಿಣ್ ಕಾರ್ಡ್ ಮಾಡಿಸಿದೆ. 2017ರಲ್ಲಿ ಮೈಸೂರಿಗೆ ಬಂದ ಬಾಡಿಗೆ ಸೈಕಲ್ಲುಗಳವು, ಹುಡುಗರು ಓಡಿಸುವ ವಸ್ತು ಅಂದುಕೊಂಡಿದ್ದೆ. ಮೊದಲ ದಿನ ಹ್ಯಾಂಡಲ್ ಹಾವಿನ ಹಾಗೆ ಆಡಿತು. ಮೂರನೇ ದಿನ ನೆಟ್ಟಗಾಯಿತು.

ಮೊದಲ ಡ್ರಿಪ್‌ನ ದಿನ ಡೇಕೇರ್ ವಾರ್ಡಿನಲ್ಲಿ ಅವಳ ಪಕ್ಕ ನಾನೇ ಕೂತಿದ್ದೆ. ಕಾಲರ್ ಮೂಳೆಯ ಕೆಳಗೆ ಚರ್ಮದೊಳಗೆ ಹುಣಿಸೆಬೀಜದಷ್ಟು ಉಬ್ಬು, ಅದೇ ರಕ್ತನಾಳಕ್ಕೆ ಔಷಧಿ ಬಿಡುವ ಕಿಮೋಪೋರ್ಟ್. ನಾಲ್ಕು ಔಷಧಿ, ಸುಮಾರು ನಾಲ್ಕು ಗಂಟೆ. ಮೊದಲನೆಯದು ಕೆಂಪಗಿರುತ್ತದೆ, ಥೇಟ್ ರೂಹ್ ಅಫ್ಜಾ ಶರಬತ್ತಿನ ಬಣ್ಣ. ಸಿಸ್ಟರ್ ಅದನ್ನು ದೊಡ್ಡ ಸಿರಿಂಜಿನಲ್ಲಿ ತಾವೇ ನಿಧಾನವಾಗಿ ತಳ್ಳುತ್ತಾರೆ, ಕಣ್ಣು ಆಚೀಚೆ ಮಾಡುವುದಿಲ್ಲ. "ಇವತ್ತು ಮೂತ್ರ ಕೆಂಪಗೆ ಹೋಗತ್ತೆ ಅಕ್ಕ, ರಕ್ತ ಅಂತ ಹೆದರ್ಕೋಬೇಡಿ" ಎಂದು ಮೊದಲೇ ಹೇಳಿದರು. ಕೊನೆಯದು ಬೆಳಕು ತಾಗಿದರೆ ಕೆಡುವ ಔಷಧಿ, ಚೀಲಕ್ಕೆ ಕಪ್ಪು ಕವರ್ ಹಾಕಿರುತ್ತಾರೆ. ಅದು ಇಳಿಯುವಾಗ ಅವಳು ಬೆರಳುಗಳನ್ನು ಮಡಚಿ ಬಿಡಿಸಿ, ಮಡಚಿ ಬಿಡಿಸಿ ಮಾಡುತ್ತಿದ್ದಳು. ಬ್ರೇಕ್ ಹಿಡಿಯುವ ಬೆರಳುಗಳು.

ನಡುವಿನ ಎರಡರಲ್ಲಿ ಒಂದರ ಹೆಸರು ವಿನ್‌ಬ್ಲಾಸ್ಟಿನ್. ಅದು ನಮ್ಮ ನಿತ್ಯಪುಷ್ಪದಿಂದ ಬಂದ ಔಷಧಿ ಎಂದು ತಿಳಿದಾಗ ನನಗೆ ಮೈ ಜುಂ ಎಂದಿತು. ಕಾಶಿಕಣಗಿಲೆ ಎಂದೂ ಕರೆಯುತ್ತಾರಲ್ಲ, ಕಾಂಪೌಂಡಿನ ಮೂಲೆಯಲ್ಲಿ ನೀರು ಹಾಕದಿದ್ದರೂ ನೇರಳೆ ಹೂ ಬಿಡುವ ಅದೇ ಗಿಡ. ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಅದರ ಎಲೆಯ ಕಷಾಯ ಕುಡಿಯುತ್ತಿದ್ದರಂತೆ. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳು ಅದನ್ನು ಪರೀಕ್ಷಿಸಲು ಹೋದರೆ ಸಕ್ಕರೆ ಇಳಿಯಲಿಲ್ಲ, ಬಿಳಿರಕ್ತಕಣ ಇಳಿಯಿತು. ಆ ಎಳೆ ಹಿಡಿದು ಹೋಗಿ ಈ ಔಷಧಿಯನ್ನು ಬೇರ್ಪಡಿಸಿದರು. ಇದು ಗೊತ್ತಾದ ಕೂಡಲೇ ನೆಂಟರೊಬ್ಬರು ಎಲೆ ಅರೆದು ರಸ ಕುಡಿಸಿ ಎಂದು ಸಲಹೆ ತಂದರು. ಡಾಕ್ಟರಿಗೆ ಕೇಳಿದ್ದು ಒಳ್ಳೆಯದಾಯಿತು. ಆ ಗಿಡ ವಿಷ. ಅಳತೆ ಮಾಡಿ, ಶುದ್ಧ ಮಾಡಿ, ರಕ್ತನಾಳಕ್ಕೆ ಕೊಟ್ಟಾಗ ಮಾತ್ರ ಅದು ಔಷಧಿ.

ಸೋಮವಾರ ಡ್ರಿಪ್. ಮಂಗಳವಾರ, ಬುಧವಾರ ಅವಳು ಎದ್ದು ಕೂರುವುದೇ ದೊಡ್ಡದು. ಬಾಯಲ್ಲಿ ಕಬ್ಬಿಣ ಇಟ್ಟುಕೊಂಡ ಹಾಗೆ ರುಚಿ, ಅನ್ನದ ಕುಕ್ಕರ್ ಕೂಗಿದರೆ ವಾಕರಿಕೆ. ನಿಂಬೆಹಣ್ಣಿನ ತಿಳಿಸಾರು ಒಂದೇ ಒಳಗೆ ಇಳಿಯುತ್ತಿದ್ದದ್ದು. ನಿದ್ದೆ ಮಾಡಿ ಎದ್ದರೂ ಹೋಗದ ಸುಸ್ತು ಅದು. ಗುರುವಾರ ಬೆಳಗ್ಗೆ ಆರಕ್ಕೆ ಫೋನ್: "ಬಾರೇ."

ಹೋದೆ. ಸೈಕಲ್ ಗೇಟಿನಾಚೆ ಸ್ಟ್ಯಾಂಡ್ ಹಾಕಿ ನಿಂತಿತ್ತು. ಥರ್ಮಾಮೀಟರ್ ನೋಡಿ ನನಗೂ ತೋರಿಸಿದಳು, 98.2. ಹೆಗಲಿಗೆ ಚೀಲ ಹಾಕಿದರೆ ಪಟ್ಟಿ ಪೋರ್ಟಿನ ಮೇಲೆ ಉಜ್ಜುತ್ತದೆ ಎಂದು ನೀರಿನ ಬಾಟಲಿ, ಮೊಬೈಲು, ಒಂದು ಪ್ಲಾಸ್ಟಿಕ್ ಕವರ್ ಎಲ್ಲವನ್ನೂ ಹ್ಯಾಂಡಲಿನ ಬುಟ್ಟಿಗೆ ಹಾಕಿದ್ದಳು. ಕವರ್ ಯಾಕೆ ಎಂದರೆ ವಾಂತಿ ಬಂದರೆ. ಸೀಟನ್ನು ಎರಡು ಬೆರಳಷ್ಟು ಇಳಿಸಿಕೊಂಡಿದ್ದಳು, ಕಾಲು ತಟ್ಟನೆ ನೆಲಕ್ಕೆ ಸಿಗಲಿ ಎಂದು. ಬಲಗಾಲು ಪೆಡಲಿನ ಮೇಲಿಟ್ಟು ತುಂಬ ಹೊತ್ತು ನಿಂತಳು. ನಾನು ಬೇಡ ಬಿಡೇ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹೊರಟೇಬಿಟ್ಟಳು. ಅವರ ಕ್ರಾಸಿನ ತುದಿಯಲ್ಲಿ ಎಳನೀರಿನ ಗಾಡಿ ನಿಲ್ಲುವ ಜಾಗದ ತನಕ ಹೋದೆವು. ಅಲ್ಲಿ ಕಾಲೂರಿ ಐದು ನಿಮಿಷ ಸುಧಾರಿಸಿಕೊಂಡು, "ಸಾಕು" ಎಂದು ತಿರುಗಿಸಿದಳು. ಹೋಗಿ ಬಂದು ಅರ್ಧ ಕಿಲೋಮೀಟರ್. ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲು ಪೆನ್ನು ತೆಗೆದುಕೊಂಡಳು. ಅರ್ಧ ಬರೆದ ಮೇಲೆ ಹಿಂದಿನ ಮೂರು ಖಾಲಿ ಚೌಕಗಳನ್ನು ನೋಡಿ ಒಂದೊಂದರಲ್ಲೂ 0 ತುಂಬಿದಳು.

"ಅದ್ಯಾಕೇ ಬರೀತೀಯ? ಸುಮ್ನೆ ಬಿಡು" ಎಂದೆ.

"ಆ ದಿನಾನೂ ನಾನಿದ್ದೆ ಅಲ್ವಾ" ಎಂದಳು.

ಆಮೇಲಿನ ವಾರಗಳು ಒಂದು ಲಯಕ್ಕೆ ಬಂದವು. ಡ್ರಿಪ್ ಆದ ವಾರ ಬೀದಿಯೊಳಗೆ. ಎರಡನೇ ವಾರ ಮಾನಸಗಂಗೋತ್ರಿಯ ಒಳರಸ್ತೆಗಳಿಗೆ. ಬೆಳಗ್ಗೆ ಆರರ ಹೊತ್ತಿಗೆ ಅಲ್ಲಿ ವಾಹನ ಕಡಿಮೆ, ಮರಗಳ ನೆರಳು, ಕುಕ್ಕರಹಳ್ಳಿ ಕೆರೆಯ ಕಡೆಯಿಂದ ಹಕ್ಕಿಗಳ ಗಲಾಟೆ. ನಾನು ಹಿಂದೆ, ಅವಳು ಮುಂದೆ. ಅವಳ ಬೆನ್ನು ನೋಡುತ್ತಲೇ ನಾನು ಎಷ್ಟೋ ಕಲಿತೆ. ಏರು ಬಂದರೆ ಹಲ್ಲು ಕಚ್ಚುವುದಿಲ್ಲ, ಗೇರು ಇಳಿಸುತ್ತಾಳೆ. ಆಗದಿದ್ದರೆ ಇಳಿದು ತಳ್ಳುತ್ತಾಳೆ. ವಾಕಿಂಗ್ ಬಂದವರು ತಿರುಗಿ ನೋಡಿದರೆ ನಮಸ್ಕಾರ ಹೇಳಿ ತಳ್ಳುತ್ತಲೇ ಇರುತ್ತಾಳೆ. ಮೂರನೇ ಡ್ರಿಪ್ ಹೊತ್ತಿಗೆ ಕೂದಲು ಹೋಯಿತು. ಹೆಲ್ಮೆಟ್ ಸಡಿಲವಾಯಿತು, ಒಳಗೆ ಹತ್ತಿಯ ವಲ್ಲಿ ಕಟ್ಟಿಕೊಂಡಳು. ಬೆರಳ ತುದಿ ಜೋಮು ಹಿಡಿಯತೊಡಗಿದಾಗ ಸೈಕಲ್ ಅಂಗಡಿಯವರು ಬ್ರೇಕ್ ಲಿವರನ್ನು ಒಳಕ್ಕೆ ತಂದು, ಕಡಿಮೆ ಒತ್ತಿದರೂ ಹಿಡಿಯುವ ಹಾಗೆ ಮಾಡಿಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ನೋಡಲು ಬಂದವರೆಲ್ಲ ಕ್ಯಾನ್ಸರ್ ಗೆದ್ದ ಅಮೆರಿಕದ ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಹೆಸರು ಹೇಳುತ್ತಿದ್ದರು. ಮೋಸದ ಔಷಧಿ ತೆಗೆದುಕೊಂಡು 2012ರಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯದ ಏಳು ಪ್ರಶಸ್ತಿಗಳನ್ನೂ ಕಳೆದುಕೊಂಡವನ ಹೆಸರು ಅವಳ ಹಾಸಿಗೆಯ ಹತ್ತಿರ ಬರುವುದು ನನಗೆ ಇಷ್ಟವಾಗುತ್ತಿರಲಿಲ್ಲ. ಆದರೆ ಅವಳಿಗೆ ಅವನ ಕಥೆಯಲ್ಲಿ ಬೇಕಾದ ಒಂದು ಸಂಗತಿ ಇತ್ತು. 1996ರಲ್ಲಿ ಅವನಿಗೆ ವೃಷಣದ ಕ್ಯಾನ್ಸರ್ ಆದಾಗ, ಶ್ವಾಸಕೋಶಕ್ಕೆ ಪೆಟ್ಟು ಬೀಳಬಾರದೆಂದು ಮೊದಲ ಸುತ್ತಿನ ನಂತರ ಬ್ಲಿಯೋಮೈಸಿನ್ ಬಿಟ್ಟು ಬೇರೆ ಔಷಧಿ ಕೊಟ್ಟಿದ್ದರು. ಅವಳ ನಾಲ್ಕು ಔಷಧಿಗಳಲ್ಲಿ ಇನ್ನೊಂದು ಅದೇ ಬ್ಲಿಯೋಮೈಸಿನ್. ಶುರುವಿನಲ್ಲೇ ಊದಿಸುವ ಪರೀಕ್ಷೆ ಮಾಡಿದ್ದರು, ಪ್ರತಿಸಲ "ಒಣಕೆಮ್ಮು ಇದೆಯಾ? ಮೆಟ್ಟಿಲು ಹತ್ತಿದರೆ ಏದುಸಿರು?" ಎಂದು ಕೇಳುತ್ತಿದ್ದರು. ಅವಳು ತಾನು ದಿನಾ ಎಷ್ಟು ತುಳಿದೆ, ಎಲ್ಲಿ ಮಾತು ಕಡಿಯಿತು ಎಂದು ಹೇಳುತ್ತಿದ್ದಳು. ಡಾಕ್ಟರು ಅದನ್ನೂ ಫೈಲಿನಲ್ಲಿ ಬರೆದುಕೊಳ್ಳುತ್ತಿದ್ದರು.

ನಾಲ್ಕು ಡ್ರಿಪ್ ಆದ ಮೇಲೆ, ಆಗಸ್ಟ್ ಮೊದಲ ವಾರ, ಪೆಟ್ ಸ್ಕ್ಯಾನ್. ವಿಕಿರಣ ಬೆರೆಸಿದ ಸಕ್ಕರೆಯನ್ನು ರಕ್ತಕ್ಕೆ ಬಿಟ್ಟರೆ ಹಸಿದ ಕ್ಯಾನ್ಸರ್ ಕೋಶಗಳು ಅದನ್ನು ಬಾಚಿಕೊಂಡು ಚಿತ್ರದಲ್ಲಿ ಹೊಳೆಯುತ್ತವೆ. ಮೇ ತಿಂಗಳ ಚಿತ್ರದಲ್ಲಿ ದೀಪ ಹಚ್ಚಿದ ಹಾಗಿತ್ತು. ಈ ಸಲ ಆ ಜಾಗಗಳೆಲ್ಲ ಕತ್ತಲು. ಹಾಗೆ ಬಂದವರಿಗೆ ಉಳಿದ ಡ್ರಿಪ್‌ಗಳಲ್ಲಿ ಬ್ಲಿಯೋಮೈಸಿನ್ ಕೈಬಿಡಬಹುದು ಎಂದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತ್ತು. ಡಾಕ್ಟರು ಕೈಬಿಟ್ಟರು. ಅವತ್ತು ಹೊರಗೆ ಮಳೆ ಎಂದರೆ ಮಳೆ. ಆಮೇಲೆ ಕೆಲವೇ ದಿನಕ್ಕೆ ನಂಜನಗೂಡಿನ ಹತ್ತಿರ ಹೆದ್ದಾರಿಯ ಮೇಲೇ ನೀರು ಬಂತಲ್ಲ, ಆ ಮಳೆ. ಕ್ಯಾಲೆಂಡರಿನಲ್ಲಿ ಆ ವಾರವೆಲ್ಲ 0. ಆದರೂ ಅವಳು ಅಷ್ಟು ಖುಷಿಯಾಗಿದ್ದ ವಾರ ಇನ್ನೊಂದಿಲ್ಲ.

ಇನ್ನು ನನ್ನ ತಪ್ಪು. ಸೆಪ್ಟೆಂಬರಿನಲ್ಲಿ, ಏಳನೇ ಡ್ರಿಪ್ ಆದ ಐದಾರು ದಿನಕ್ಕೆ, ಗಂಗೋತ್ರಿಯಲ್ಲಿ ಎಂಟು ಕಿಲೋಮೀಟರ್ ಆಗಿತ್ತು. ಅವಳು ತಿರುಗಿಸಲು ಹೋದಳು. ನನಗೆ ಹುಮ್ಮಸ್ಸು. ಅಷ್ಟು ಹೊತ್ತಿಗೆ ನಾನು ಸ್ವಂತ ಸೈಕಲ್ ತೆಗೆದುಕೊಂಡಿದ್ದೆ, ನನ್ನ ಕಾಲಿಗೆ ಬಲ ಬಂದಿತ್ತು. "ಇನ್ನೊಂದೇ ಸುತ್ತು ಕಣೇ, ಹತ್ತು ಆಗ್ಲಿ, ಗುಂಪಿಗೆ ಫೋಟೋ ಹಾಕೋಣ" ಎಂದೆ. ಅವಳು ನನ್ನ ಮನಸ್ಸು ನೋಯಿಸಲಾರದೆ ಬಂದಳು. ಒಂಬತ್ತು ದಾಟುವಷ್ಟರಲ್ಲಿ ಮುಂದಿನ ಸೈಕಲ್ ಓಲಾಡಿತು. ನಾನು ಇಳಿದು ಓಡುವ ಮೊದಲೇ ಅವಳು ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಬುಟ್ಟಿಯ ಕವರಿಗೆ ಕೈ ಚಾಚಿದ್ದಳು. ತುಟಿ ಬಿಳಿಚಿತ್ತು. ಆಟೋದಲ್ಲಿ ಮನೆಗೆ ಬಂದೆವು. ಆ ರಾತ್ರಿಯೇ ಜ್ವರ 101. ಬಿಳಿರಕ್ತಕಣ ತಳ ಹಿಡಿದಿತ್ತು, ಐದು ದಿನ ಆಸ್ಪತ್ರೆ, ಮುಂದಿನ ಡ್ರಿಪ್ ಒಂದು ವಾರ ಹಿಂದಕ್ಕೆ. ಜ್ವರಕ್ಕೂ ಆ ಸುತ್ತಿಗೂ ಸಂಬಂಧವಿಲ್ಲ, ಸೋಂಕು ಮೊದಲೇ ಒಳಗಿತ್ತು ಎಂದು ಡಾಕ್ಟರು ಎರಡೆರಡು ಸಲ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ಅವಳಿಗೆ ತನ್ನ ಮೈ ಗೊತ್ತಿತ್ತು. "ಸಾಕು" ಎಂದು ಅವಳು ಹೇಳುತ್ತಿದ್ದದ್ದು ಸೋಲಿನಿಂದಲ್ಲ, ಆ ಸಾಕು ಎನ್ನುವ ಬಲದಿಂದಲೇ ಮಾರನೇ ದಿನ ಮತ್ತೆ ಪೆಡಲ್ ಮೇಲೆ ಕಾಲಿಡುತ್ತಿದ್ದಳು. ನನಗೆ ಬೇಕಾಗಿದ್ದದ್ದು ಫೋಟೋ.

ವಾರ್ಡಿನಲ್ಲಿ ಅವಳ ಕೈ ಹಿಡಿದು ಅತ್ತೆ. ಅವಳು ಮಾಸ್ಕಿನ ಒಳಗಿಂದಲೇ, "ಸರಿ, ಕ್ಯಾಲೆಂಡರ್‌ನಲ್ಲಿ ಸೊನ್ನೆ ಹಾಕ್ತಾ ಇರು, ಮರೀಬೇಡ" ಎಂದಳು. ದಿನಾ ಸಂಜೆ ಅವರ ಮನೆಗೆ ಹೋಗಿ ಒಂದೊಂದು 0 ಹಾಕಿದೆ. ಆ ಸಾಲಿನಲ್ಲಿ ಒಂಬತ್ತಿವೆ, ನನ್ನ ಅಕ್ಷರದಲ್ಲಿ. ಆಸ್ಪತ್ರೆಯಲ್ಲೂ ನಾನು ಬಾಗಿಲ ಹತ್ತಿರ ನಿಲ್ಲಲಿಲ್ಲ. ಕಾಲು ಒತ್ತಿದೆ.

ಆಯುಧಪೂಜೆಯ ದಿನ, ಅಕ್ಟೋಬರ್ 7, ಎರಡೂ ಸೈಕಲ್ ತೊಳೆದು ಅವಳ ಮನೆಯ ಅಂಗಳದಲ್ಲಿ ನಿಲ್ಲಿಸಿದೆವು. ಚೈನಿಗೆ ಎಣ್ಣೆ, ಚಕ್ರಕ್ಕೆ ಅರಿಶಿನ ಕುಂಕುಮ, ಟೈರಿನ ಕೆಳಗೆ ನಿಂಬೆಹಣ್ಣು. ಮಾರ್ಕೆಟಿನಿಂದ ಸೇವಂತಿಗೆ ಮಾರು ತಂದಿದ್ದೆ. ಅವಳು ಕಾಂಪೌಂಡಿನ ಮೂಲೆಗೆ ಹೋಗಿ ನಿತ್ಯಪುಷ್ಪ ನಾಲ್ಕು ಕಿತ್ತು ತಂದು ಹ್ಯಾಂಡಲಿಗೆ ಸಿಕ್ಕಿಸಿದಳು. ಅವಳ ಅತ್ತೆ ಬೂದುಗುಂಬಳ ಒಡೆದರು. ಎರಡು ದಿನ ಬಿಟ್ಟು ಒಂಬತ್ತನೇ ಡ್ರಿಪ್.

ಕೊನೆಯ ಕೆಂಪು ಸುತ್ತು ನವೆಂಬರ್ ಮೂರನೇ ವಾರದಲ್ಲಿದೆ. ಜನವರಿಯ ಸ್ಕ್ಯಾನಿನಲ್ಲಿ ಏನೂ ಉಳಿದಿರಲಿಲ್ಲ. ಫೆಬ್ರವರಿಯಲ್ಲಿ, ಹುಬ್ಬಿನ ಮೇಲೆ ಕೂದಲು ಮೊಳೆಯುತ್ತಿದ್ದ ಹೊತ್ತಿಗೆ, ಚಾಮುಂಡಿ ಬೆಟ್ಟಕ್ಕೆ ಹೋಗೋಣ ಎಂದು ಅವಳೇ ಹೊರಡಿಸಿದಳು. ಸಾವಿರ ಮೀಟರ್ ದಾಟಿ ನಿಂತ ಬೆಟ್ಟ, ನಾನಂತೂ ಅದನ್ನು ಎಂದೂ ಸೈಕಲ್ಲಿನಲ್ಲಿ ಹತ್ತಿದವಳಲ್ಲ. ಊರು ಪೂರ್ತಿ ಕಾಣುವ ಒಂದು ತಿರುವಿನಲ್ಲಿ ಇಳಿದು ನೀರು ಕುಡಿದಳು. ಅರಮನೆಯ ಗುಮ್ಮಟಗಳು ಮಂಜಿನಲ್ಲಿದ್ದವು. "ಸಾಕು" ಎಂದಳು. ನಾನು ಮರುಮಾತಿಲ್ಲದೆ ಸೈಕಲ್ ತಿರುಗಿಸಿದೆ.

ಆಮೇಲೆ ಲಾಕ್‌ಡೌನ್. ಮಾರ್ಚ್, ಏಪ್ರಿಲ್ ಹಾಳೆಗಳಲ್ಲಿ ಬರೀ ಸೊನ್ನೆ. ಅಷ್ಟರಲ್ಲಿ ನಮ್ಮ ಮನೆಯಲ್ಲೂ ಒಂದು ಕ್ಯಾಲೆಂಡರ್ ಹಾಗೇ ತುಂಬುತ್ತಿತ್ತು. ಅವಳು ಜೊತೆಗೆ ಬರದಿದ್ದರೂ ನಾನು ಟೆರೇಸಿನ ಮೇಲೆ ನಡೆದು, ಆದಷ್ಟು ಬರೆದು, ಆಗದ ದಿನ 0 ಹಾಕಿದೆ.

ಬೆಟ್ಟದ ತುದಿ ಮುಟ್ಟಿದ್ದು 2021ರ ಜನವರಿ 24, ಭಾನುವಾರ. ಮೂರು ಕಡೆ ಇಳಿದು ತಳ್ಳಿದೆವು. ಮೇಲೆ ಬಿಸಿಬಿಸಿ ಕಾಫಿ ಕುಡಿದು, ಬ್ರೇಕ್ ಹಿಡಿದುಕೊಂಡೇ ನಿಧಾನ ಇಳಿದು ಮನೆಗೆ ಬಂದೆವು. ಅವಳು ಪೆನ್ನು ತೆಗೆದುಕೊಂಡು ಚೌಕದಲ್ಲಿ 27 ಎಂದು ಬರೆದಳು.

"'ಬೆಟ್ಟ' ಅಂತಲೂ ಬರಿಯೇ" ಎಂದೆ.

"ಜಾಗ ಎಲ್ಲಿದೆ? ಏಕಾದಶಿ ಅಂತ ಪ್ರಿಂಟ್ ಆಗಿದೆ" ಎಂದು ಪೆನ್ನಿನ ಕ್ಯಾಪ್ ಹಾಕಿ, ಇಡ್ಲಿ ಪಾತ್ರೆ ಒಲೆಯ ಮೇಲಿಟ್ಟಳು.